ತಟ್ಟಿ ನೋಡಿ ಕೊಂಡ ಲ್ಯಾಪ್‌ಟಾಪ್

ಪಾತ್ರೆ ಅಂಗಡಿಯ ಗುರುಸಿದ್ದಪ್ಪನವರಿಗೆ ತಮ್ಮ ಬೆರಳಿನ ಮೇಲೆ ಬಹಳ ನಂಬಿಕೆ. ಕೊಳಗವಿರಲಿ, ಚೊಂಬಿರಲಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ನಾದ ಕೇಳಿ, ಹಿತ್ತಾಳೆಯ ಗುಣ ಹೇಳಿಬಿಡುತ್ತಿದ್ದರು. ಪಾತ್ರೆಯ ವಿಷಯದಲ್ಲಿ ಅವರ ಮಾತು ಸುಳ್ಳಾದದ್ದೇ ಇಲ್ಲ.

ಅವರ ಮಗಳು ಗಾನವಿಗೆ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿತು. ಕಟ್ಟಡಗಳ ನಕ್ಷೆ ಬರೆಯುವ ಓದು ಅದು. ಚಿಕ್ಕಂದಿನಿಂದ ಅವಳು ಆಸೆಪಟ್ಟಿದ್ದು ಅದೊಂದನ್ನೇ. ಓದಿಗೆ ಲ್ಯಾಪ್‌ಟಾಪ್ ಬೇಕಾಯಿತು. ತಂದೆ ಮಗಳು ಕೂಡಿಯೇ ಕಂಪ್ಯೂಟರ್ ಅಂಗಡಿಗೆ ಹೋದರು.

ಗಾನವಿ ಒಂದು ಕಪ್ಪು ಲ್ಯಾಪ್‌ಟಾಪ್ ತೋರಿಸಿದಳು. "ಅಪ್ಪಾಜಿ, ನಮ್ಮ ನಕ್ಷೆಯ ಸಾಫ್ಟ್‌ವೇರ್ ಎಲ್ಲದರಲ್ಲೂ ನಡೆಯಲ್ಲವಂತೆ. ಇದರಲ್ಲಿ ನಡೆಯುತ್ತೆ."

ಗುರುಸಿದ್ದಪ್ಪನವರು ಅದನ್ನು ತಟ್ಟಿದರು. ಟಪ್ ಎಂದಿತು.

"ಬರೀ ಪ್ಲಾಸ್ಟಿಕ್ ಕಣಮ್ಮ. ಸೋಪಿನ ಡಬ್ಬಿ ಇದ್ದ ಹಾಗಿದೆ."

ಪಕ್ಕದಲ್ಲಿ ಬೆಳ್ಳಿ ಬಣ್ಣದ್ದೊಂದಿತ್ತು. ಅದನ್ನೂ ತಟ್ಟಿದರು. ಮುಖ ಅರಳಿತು. "ಇದು ನೋಡು, ಲೋಹ! ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ."

"ಅದರಲ್ಲಿ ನಮ್ಮ ಸಾಫ್ಟ್‌ವೇರ್ ನಡೆಯುತ್ತೋ ಇಲ್ಲವೋ, ಒಂದು ಮಾತು ಕೇಳೋಣ ಅಪ್ಪಾಜಿ."

"ನೀನು ಹುಟ್ಟೋ ಮೊದಲಿನಿಂದ ಸಾಮಾನು ಆರಿಸಿದವನು ನಾನು. ನನಗೇ ಹೇಳಿಕೊಡ್ತೀಯಾ?" ಎಂದು ಅವರು ನಕ್ಕರು. ಅಂಗಡಿಯವನೂ ನಕ್ಕ. ದುಬಾರಿ ಮಾಲು ಖರ್ಚಾಗುವಾಗ ಅವನೇಕೆ ಬಾಯಿ ಬಿಟ್ಟಾನು?

ಮನೆಗೆ ತಂದು, ದೇವರ ಮುಂದಿಟ್ಟು, ವಿಭೂತಿ ಹಚ್ಚಿ ಕಾಯಿ ಒಡೆದರು. ಅದರಲ್ಲಿ ತಪ್ಪೇನಿಲ್ಲ. ಹೊಸ ವಸ್ತು ಮನೆಗೆ ಬಂದರೆ ನಾವೆಲ್ಲ ಮಾಡುವುದೇ.

ಪೂಜೆ ಮುಗಿದ ಮೇಲೆ ಗಾನವಿ ಸಾಫ್ಟ್‌ವೇರ್ ಹಾಕಲು ಕುಳಿತಳು. ಆಗಲಿಲ್ಲ. ಕಾಲೇಜಿಗೆ ಫೋನ್ ಮಾಡಿ ಕೇಳಿದಳು. ಆ ಯಂತ್ರದಲ್ಲಿ ಅದು ನಡೆಯುವುದೇ ಇಲ್ಲ ಎಂದರು. ಅಂಗಡಿಗೂ ಫೋನ್ ಮಾಡಿದಳು.

"ಅಪ್ಪಾಜಿ, ಈ ವಾರದೊಳಗೆ ಕೊಟ್ಟರೆ ಬದಲಾಯಿಸಿ ಕೊಡ್ತಾರಂತೆ."

"ವಿಭೂತಿ ಹಚ್ಚಿದ ವಸ್ತುವನ್ನ ಹಿಂದಕ್ಕೆ ಕೊಡೋದಾ? ದೇವರು ಮೆಚ್ಚುತ್ತಾನಾ?"

ತಾಯಿ ಗಿರಿಜಮ್ಮ ಮೆಲ್ಲಗೆ, "ದೇವರಿಗೇನೂ ಬೇಸರ ಆಗಲ್ಲ ರೀ. ಬೇಸರ ಆಗಿರೋದು ನಿಮಗೆ" ಎಂದರು.

ಗುರುಸಿದ್ದಪ್ಪನವರ ಮುಖ ಕೆಂಪೇರಿತು. "ಇಷ್ಟು ಒಳ್ಳೆಯ ವಸ್ತು ತಂದುಕೊಟ್ಟಿದ್ದೀನಿ. ಇವಳೇ ಸ್ವಲ್ಪ ಹೊಂದಿಕೊಂಡು ಹೋಗಲಿ."

"ಹೊಂದಬೇಕಾಗಿದ್ದು ನಾನಲ್ಲ ಅಪ್ಪಾಜಿ, ಅದು."

"ನೋಡಿದೆಯಾ, ಕಾಲೇಜಿಗೆ ಕಾಲಿಡೋ ಮೊದಲೇ ಎದುರು ಮಾತು!"

ಅಲ್ಲಿಗೆ ಮಾತು ಮುಗಿಯಿತು. ವಾರವೂ ಮುಗಿಯಿತು.

ಗಾನವಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸರದಿ ಕಾದಳು. ಸಂಜೆ ಅದರ ಬಾಗಿಲು ಹಾಕಿದ ಮೇಲೆ ಗೆಳತಿಯರ ಲ್ಯಾಪ್‌ಟಾಪ್ ಬೇಡಿದಳು. ಅವರಿಗೂ ಅವರವರ ಕೆಲಸವಿತ್ತು. ಎಷ್ಟು ದಿನ ಕೊಟ್ಟಾರು? ಒಪ್ಪಿಸಬೇಕಾದ ನಕ್ಷೆಗಳು ಅರ್ಧಕ್ಕೆ ನಿಂತವು. ವರ್ಷದ ಕೊನೆಗೆ ಅವಳು ಫೇಲಾದಳು.

"ಈ ಓದು ನಿನಗೆ ಒಗ್ಗಲಿಲ್ಲ" ಎಂದು ತಂದೆ ಕಾಲೇಜು ಬಿಡಿಸಿ, ತಂದು ಅಂಗಡಿಯಲ್ಲಿ ಕೂರಿಸಿಕೊಂಡರು. ಬಂದ ಗಿರಾಕಿಗಳೆದುರು, "ಲ್ಯಾಪ್‌ಟಾಪ್ ಕೊಡಿಸಿದೆ ಸ್ವಾಮಿ, ಓದು ತಲೆಗೆ ಹತ್ತಬೇಕಲ್ಲ" ಎಂದರು. ಗಾನವಿ ಹಂಡೆ ಒರೆಸುತ್ತ ಕೇಳಿಸಿಕೊಂಡಳು.

ಮರುತಿಂಗಳು ಅಂಗಡಿಯ ಬಿಲ್ಲು ಮಾಡುವುದಕ್ಕೆಂದು ಗುರುಸಿದ್ದಪ್ಪನವರು ಒಂದು ಸಾಫ್ಟ್‌ವೇರ್ ತರಿಸಿದರು. ಹಾಕಲು ಬಂದವನು ಮನೆಯ ಲ್ಯಾಪ್‌ಟಾಪ್ ನೋಡಿ, "ಇದರಲ್ಲಿ ನಮ್ಮದು ನಡೆಯಲ್ಲ ಸಾರ್" ಎಂದ.

"ಹೌದಾ? ಹಾಗಾದರೆ ಯಾವುದರಲ್ಲಿ ನಡೆಯುತ್ತೋ ಅದನ್ನೇ ತಂದುಕೊಡಪ್ಪ. ವ್ಯಾಪಾರ ನಿಲ್ಲಬಾರದು ನೋಡು."

ಸಂಜೆಯೊಳಗೆ ಹೊಸದೊಂದು ಬಂತು, ಅಂದು ಗಾನವಿ ತೋರಿಸಿದ್ದಂಥದೇ ಕಪ್ಪು ಲ್ಯಾಪ್‌ಟಾಪ್.

"ಬಾಮ್ಮ ಗಾನವಿ, ಇಲ್ಲಿ ಕೂತ್ಕೋ. ಇದರಲ್ಲಿ ಎಲ್ಲ ಸಾಫ್ಟ್‌ವೇರೂ ನಡೆಯುತ್ತಂತೆ!" ಎಂದು ತಂದೆ ಸಂಭ್ರಮದಿಂದ ಕರೆದರು.

"ಗೊತ್ತು ಅಪ್ಪಾಜಿ" ಎಂದು ಗಾನವಿ ಕುಳಿತಳು. ಅದರಲ್ಲಿ ಮೊದಲ ಬಿಲ್ಲು ಮಾಡಿಕೊಟ್ಟಳು.

ನೀತಿ: ಮಕ್ಕಳೇ, ದೊಡ್ಡವರೇ, ವಸ್ತು ಕೊಳ್ಳುವ ಮೊದಲು ಅದು ಎಷ್ಟು ಗಟ್ಟಿ ಎಂದಲ್ಲ, ನಮ್ಮ ಕೆಲಸ ಅದರಲ್ಲಿ ನಡೆಯುತ್ತದೋ ಇಲ್ಲವೋ ಎಂದು ಕೇಳಬೇಕು. ಆರಿಸುವಾಗ ತಪ್ಪುವುದು ಯಾರಿಗೂ ಸಹಜ. ತಪ್ಪು ತಿಳಿದ ಮೇಲೂ ಹಠ ಬಿಡದೆ, ಆ ಹಠಕ್ಕೆ ದೇವರ ಹೆಸರಿಡುವವರು ತಮ್ಮ ತಪ್ಪಿಗೆ ಮಕ್ಕಳಿಂದ ದಂಡ ಕಟ್ಟಿಸುತ್ತಾರೆ.