ಶಾಕಾಂಬರಿಯ ಎರಡು ಮಾತು

“ಗುರುಗಳೇ, ಹೊರದೇಶಕ್ಕೆ ಹೋಗಿ ಓದಿ ಬಂದವರು ಊರಿಗೆ ಮೋಸ ಮಾಡಿದ್ದಾರೆ. ಯುರೋಪಿನ ಊರೂರು ಸುತ್ತುತ್ತಾರೆ. ಚಿತ್ರ ನೋಡುತ್ತಾರೆ, ಬಟ್ಟೆ ನೋಡುತ್ತಾರೆ. ಬಂದ ಮೇಲೆ ನಮಗೆ ಏನನ್ನೂ ಕೊಡುವುದಿಲ್ಲ. ಯಾಕೆ ಹೀಗೆ?” ಎಂದು ಶಿಷ್ಯ ಕೇಳಿದ.

“ಮೋಸ ಮಾಡಿದ್ದು ಅವರಲ್ಲ” ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಂದು ನೇಕಾರರ ಊರು. ಅಲ್ಲಿ ಕುಪ್ಪಸದ ಖಣ ನೇಯುತ್ತಿದ್ದರು. ಕುಪ್ಪಸಕ್ಕೆ ಎಷ್ಟು ಬೇಕೋ ಅಷ್ಟೇ ಅಗಲದ ಬಟ್ಟೆ. ಅಜ್ಜಂದಿರು ನೇಯ್ದ ಅಗಲ ಅದು. ಮೊಮ್ಮಕ್ಕಳೂ ಅದನ್ನೇ ನೇಯ್ದರು. ಕಾಲ ಕಳೆದಂತೆ ಖಣದ ಕುಪ್ಪಸ ಹೊಲಿಸುವವರು ಕಡಿಮೆಯಾದರು. ಮಗ್ಗಗಳು ಒಂದೊಂದಾಗಿ ನಿಂತವು. ನಿಂತ ಮಗ್ಗದ ಕೆಳಗೆ ಕಾಲಿಡಲು ತೋಡಿದ ಕುಣಿಯಲ್ಲಿ ಈರುಳ್ಳಿ ತುಂಬಿಟ್ಟರು.

ನೇಕಾರರ ಸಂಘ ಸಭೆ ಸೇರಿತು. ಬಟ್ಟೆಗೆ ಹೊಸ ದಾರಿ ಹುಡುಕಲು ಯಾರನ್ನಾದರೂ ಕಳಿಸಬೇಕು ಎಂದು ತೀರ್ಮಾನಿಸಿತು. ಮಗ್ಗದ ಓಣಿಯ ನೇಕಾರನೊಬ್ಬನ ಮಗಳು ಶಾಕಾಂಬರಿ ವಸ್ತ್ರವಿನ್ಯಾಸ ಓದುತ್ತಿದ್ದಳು. ಕಾಲೇಜಿನ ಕಡೆಯಿಂದ ಯುರೋಪಿಗೆ ಹೋಗಿ ಕಲಿಯುವ ಅವಕಾಶ ಅವಳಿಗೆ ಬಂದಿತ್ತು. ಸಂಘ ಅವಳ ಬೆನ್ನಿಗೆ ನಿಂತು ಕಳಿಸಿತು. ಇದು ಒಳ್ಳೆಯ ಕೆಲಸ. ಈ ಕತೆಯಲ್ಲಿ ಊರು ಮಾಡಿದ ಒಳ್ಳೆಯ ಕೆಲಸ ಇದೊಂದೇ.

ಹೊರಡುವ ಮೊದಲೇ ಅವಳಿಗೆ ಸನ್ಮಾನ ಮಾಡಿದರು. ಇನ್ನೂ ಏನನ್ನೂ ಕಲಿಯದ ಹುಡುಗಿಗೆ ಈಗಲೇ ಯಾಕೆ ಹಾರ ಎಂದು ಅವಳ ಅಜ್ಜಿ ಕೇಳಿದಳು. ಮುದುಕಿಗೆ ಅರಳುಮರಳು ಎಂದು ಎಲ್ಲರೂ ನಕ್ಕರು.

ಶಾಕಾಂಬರಿ ಮೊದಲು ಫ್ಲಾರೆನ್ಸಿಗೆ ಹೋದಳು. ಅಲ್ಲಿನ ಚಿತ್ರಶಾಲೆಯಲ್ಲಿ ಒಬ್ಬ ಸಿರಿವಂತ ಹೆಂಗಸಿನ ಹಳೆಯ ಚಿತ್ರವಿತ್ತು. ಚಿತ್ರಕಾರ ಅವಳ ಮುಖವನ್ನು ಅವಸರದಲ್ಲಿ ಮುಗಿಸಿದ್ದ, ತೋಳಿನ ಜರಿಬಟ್ಟೆಯನ್ನು ಮಾತ್ರ ಎಳೆ ಎಳೆಯಾಗಿ ಬರೆದಿದ್ದ. ಶಾಕಾಂಬರಿ ಆ ತೋಳಿನ ಮುಂದೆ ನಿಂತವಳು ಕದಲಲಿಲ್ಲ. ಹುಡುಗಿಗೆ ಮೈ ಸರಿಯಿಲ್ಲವೋ ಏನೋ ಎಂದು ಕಾವಲುಗಾರ ಕುರ್ಚಿ ತಂದುಕೊಟ್ಟ.

ಪ್ಯಾರಿಸ್ಸಿನಲ್ಲಿ ಉಡುಪಿನ ಪ್ರದರ್ಶನ ನೋಡಿದಳು. ಕಡ್ಡಿಯಂಥ ಹುಡುಗಿಯೊಬ್ಬಳು ಅಂಚು ಹರಿದು ದಾರ ಜೋತಾಡುವ ಅಂಗಿ ಹಾಕಿಕೊಂಡು ನಡೆದು ಬಂದಳು. ದೊಡ್ಡ ಮನುಷ್ಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಕಾಂಬರಿಯ ಕೈ ಮಾತ್ರ ತನ್ನಷ್ಟಕ್ಕೆ ಚೀಲದಲ್ಲಿ ಸೂಜಿ ಹುಡುಕುತ್ತಿತ್ತು.

ಮಿಲಾನಿನಲ್ಲಿ ಅವಳ ಹುಡುಕಾಟಕ್ಕೆ ಉತ್ತರ ಸಿಕ್ಕಿತು. ಅಲ್ಲಿ ದೊಡ್ಡ ನಿಲುವಂಗಿಗಳನ್ನು ಹೊಲಿಯುವ ಒಬ್ಬ ವ್ಯಾಪಾರಿಯಿದ್ದ. ಅವಳು ಅವನ ಮೇಜಿನ ಮೇಲೆ ಊರಿನ ಖಣ ಹಾಸಿದಳು. ಅವನು ಅದನ್ನು ಕೈಯ ಹಿಂಬದಿಯಿಂದ ಸವರಿ ನೋಡಿದ. ಒಳಗಿದ್ದವರನ್ನೆಲ್ಲ ಕೂಗಿ ಕರೆದ. ನಿಲುವಂಗಿಯ ಬೆನ್ನಿಗೆ ಅಳತೆ ಹಿಡಿದರೆ ಖಣ ಸಾಲಲಿಲ್ಲ. ಎರಡು ಖಣ ಜೋಡಿಸಿದರೆ ನಡುಬೆನ್ನಿನಲ್ಲಿ ಹೊಲಿಗೆ ಬಂದು ಚಿತ್ತಾರ ಸೀಳಿಹೋಯಿತು. ಬೆನ್ನು ಪೂರ್ತಿ ಒಂದೇ ತುಂಡಿನಲ್ಲಿ ಬರುವಷ್ಟು ಅಗಲ ನೇಯ್ದರೆ ನಿಮ್ಮ ಓಣಿಯ ಎಲ್ಲ ಮಗ್ಗಕ್ಕೂ ನಾನು ಕೆಲಸ ಕೊಡುತ್ತೇನೆ ಎಂದ. ಮಾದರಿ ತುಂಡು ಬರಲು ಒಂದು ಗಡುವು ಹೇಳಿದ. ನಮ್ಮ ಲೆಕ್ಕದಲ್ಲಿ ಅದು ಯುಗಾದಿ. ಅದು ದಾಟಿದರೆ ಬೇರೆ ಬಟ್ಟೆ ಆರಿಸಿಕೊಳ್ಳುವುದಾಗಿಯೂ ಹೇಳಿದ.

ಶಾಕಾಂಬರಿ ಅಲ್ಲಿನ ನೇಯ್ಗೆ ಶಾಲೆಯೊಂದಕ್ಕೆ ಸೇರಿದಳು. ಕೈಮಗ್ಗವನ್ನು ಅಗಲ ಮಾಡುವ ಬಗೆಯನ್ನು ಬೆರಳು ಬೊಬ್ಬೆ ಏಳುವವರೆಗೆ ಕಲಿತಳು.

ಊರಿನಿಂದ ಅವಳಿಗೆ ಫೋನು ಬರುತ್ತಿತ್ತು. ಚಳಿ ಎಷ್ಟಿದೆ ಎಂದು ಕೇಳಿದರು. ಜೋಳದ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದರು. ನಮ್ಮ ಪೈಕಿ ಯಾರಾದರೂ ಅಲ್ಲಿದ್ದಾರೆಯೇ ಎಂದು ಕೇಳಿದರು. ಅವಳು ಬಟ್ಟೆಯ ಅಗಲದ ಮಾತು ತೆಗೆದರೆ, ಅದೆಲ್ಲ ಇರಲಿ, ಪ್ಯಾರಿಸ್ಸಿನ ಆ ಗೋಪುರದ ಮುಂದೆ ನಿಂತ ಒಂದು ಫೋಟೋ ಕಳಿಸು ಎಂದರು. ಅವಳು ಕಳಿಸಿದಳು. ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಸಂಘದ ಅಧ್ಯಕ್ಷ ರಾಚಪ್ಪನ ಮುಖ ಹಸುವಿನಷ್ಟು ದೊಡ್ಡದಾಗಿತ್ತು. ಗೋಪುರ ಅವನ ನೆತ್ತಿಯಿಂದ ಮೊಳೆತಂತೆ ಕಾಣುತ್ತಿತ್ತು. ಶಾಕಾಂಬರಿ ಮೂಲೆಯಲ್ಲಿ ಹೆಬ್ಬೆರಳಿನಷ್ಟಿದ್ದಳು.

ಅವಳು ಮರಳಿ ಬಂದ ದಿನ ಬಸ್ ಸ್ಟ್ಯಾಂಡಿಗೆ ಬ್ಯಾಂಡಿನವರು ಬಂದಿದ್ದರು. ಹೂವು ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಅವಳು ಇಳಿದವಳೇ ರಾಚಪ್ಪನ ಹತ್ತಿರ ಹೋದಳು.

“ಕಾಕಾ, ಒಂದ್ ಮಾತ್ ಹೇಳೂದೈತ್ರಿ. ಮಗ್ಗ ಅಗಲ ಮಾಡಬೇಕ್ರಿ. ಯುಗಾದಿಯೊಳಗ ಒಂದ್ ತುಂಡ್ ಕಳಸಬೇಕ್ರಿ.”

“ಹಿಂಗ್ ಬಸ್ ಸ್ಟ್ಯಾಂಡಿನ್ಯಾಗ ನಿಂತ್ ಹೇಳಿದ್ರ ನಿನ್ ಮಾತಿಗೇನ್ ಮರ್ಯಾದಿ ಇರತೈತಿ ತಂಗಿ? ಸಭಾದಾಗ ಹೇಳಂತಿ. ಮೊದಲ ಟ್ರ್ಯಾಕ್ಟರ್ ಹತ್ತು.”

ಸಭೆ ನಡೆಯಿತು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ದೀಪಕ್ಕೆ ಫ್ಯಾನಿನ ಗಾಳಿ ತಾಗಿ ಅದು ಹೊತ್ತಲಿಲ್ಲ. ಫ್ಯಾನು ನಿಲ್ಲಿಸಿ ಹೊತ್ತಿಸಿದರು. ಬಳಿಕ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಬಂದವು. ಆಮೇಲೆ ಭಾಷಣಗಳು. ತಾಲ್ಲೂಕು ದಾಟಿ ಹೆಚ್ಚು ದೂರ ಹೋಗದ ಉಪನ್ಯಾಸಕನೊಬ್ಬ ಯುರೋಪನ್ನು ವರ್ಣಿಸಿದ. ಮಿಲಾನಿನ ಚರ್ಚನ್ನು ಎತ್ತಿ ಪ್ಯಾರಿಸ್ಸಿನ ನಡುವೆ ಇಟ್ಟ. ಎರಡೂ ಊರು ನೋಡಿದವಳು ಪಕ್ಕದಲ್ಲೇ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ರಾಚಪ್ಪ ಎದ್ದು, ನಮ್ಮ ಮಗಳು ಹೋದ ಹಾಗೆಯೇ ಬಂದಿದ್ದಾಳೆ, ಒಂದಿಷ್ಟೂ ಬದಲಾಗಿಲ್ಲ ಎಂದ. ಚಪ್ಪಾಳೆ ಬಿತ್ತು. ಕಲಿತು ಬಾ ಎಂದು ಕಳಿಸಿದವರು, ಏನೂ ಕಲಿಯದೆ ಬಂದಳೆಂದು ಹೆಮ್ಮೆಪಟ್ಟರು.

ಎಲ್ಲ ಮುಗಿದ ಮೇಲೆ ಸನ್ಮಾನಿತರಿಂದ ಎರಡು ಮಾತು ಎಂದು ಕೂಗಿದರು. ಅಷ್ಟು ಹೊತ್ತಿಗೆ ಊಟಕ್ಕೆ ಎಲೆ ಹಾಕಿಯಾಗಿತ್ತು. ಅವಳು ಮೈಕಿನ ಮುಂದೆ ನಿಂತು, ಎಲ್ಲರಿಗೂ ನಮಸ್ಕಾರ, ನಮ್ಮ ಖಣದ ಅಗಲ ಎನ್ನುವಷ್ಟರಲ್ಲಿ ಜನ ಎದ್ದು ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಆಗಿಹೋಯಿತು.

ಆಮೇಲೆ ಯುವಕ ಸಂಘದವರು ಕರೆದರು. ಮಹಿಳಾ ಮಂಡಳದವರು ಕರೆದರು. ಹಳೆಯ ವಿದ್ಯಾರ್ಥಿಗಳು ಕರೆದರು. ಒಬ್ಬರ ಹಾರಕ್ಕಿಂತ ಇನ್ನೊಬ್ಬರ ಹಾರ ದಪ್ಪ. ಎಲ್ಲ ಕಡೆಯೂ ಕೊನೆಯಲ್ಲಿ ಎರಡು ಮಾತು, ಎಲ್ಲ ಕಡೆಯೂ ಊಟ ಸಿದ್ಧ. ಅವಳು ಮನೆಮನೆಗೆ ಹೋಗಿ ಹೇಳಲು ನೋಡಿದಳು. ಬಾಗಿಲಿಗೆ ಬಂದವಳನ್ನು ಕುರ್ಚಿಯಲ್ಲಿ ಕೂರಿಸಿ, ನೆರೆಯವರನ್ನು ಕರೆದು, ಉಡಿ ತುಂಬಿ ಕಳಿಸಿದರು. ಅಪ್ಪನ ಮಗ್ಗವನ್ನಾದರೂ ಅಗಲ ಮಾಡೋಣವೆಂದರೆ ಅದು ಸಂಘ ಕೊಟ್ಟ ಮಗ್ಗ. ಸಂಘ ಹೇಳದೆ ಅವನು ಮುಟ್ಟಲಾರ. ಅವಳ ಮನೆಯ ಆಡು ಮಾತ್ರ ಹಾರ ತಿಂದು ತಿಂದು ಕೊಬ್ಬಿತು.

ಇದನ್ನು ಗೌರವ ಎಂದು ಕರೆಯಬೇಡ. ಬೈದು ಬಾಯಿ ಮುಚ್ಚಿಸಿದರೆ ತಿರುಗಿ ಬೈಯಬಹುದು. ಹಾರ ಹಾಕಿ ಬಾಯಿ ಮುಚ್ಚಿಸುವವರನ್ನು ಏನು ಮಾಡಲು ಬರುತ್ತದೆ? ಕೇಳಿಸಿಕೊಂಡರೆ ಮಗ್ಗ ಬಿಚ್ಚಬೇಕು, ಬಡಿಗನನ್ನು ಕರೆಯಬೇಕು, ಅಜ್ಜನ ಅಳತೆ ಬಿಡಬೇಕು. ಶಾಲು ಹೊದಿಸಿದರೆ ಸಂಜೆಗೆ ಎಲ್ಲ ಮುಗಿಯುತ್ತದೆ. ಇದು ಸೋಮಾರಿಗಳ ಉಪಾಯ.

ಯುಗಾದಿ ಹತ್ತಿರ ಬಂತು. ತಾಲ್ಲೂಕು ಮಟ್ಟದ ಸನ್ಮಾನ ಇಟ್ಟುಕೊಂಡರು. ಈ ಸಲ ಶಾಕಾಂಬರಿ ಎರಡು ಮಾತಿಗೆ ಕಾಯಲಿಲ್ಲ. ಶಾಲು ಹೊದಿಸಿದ ಕೂಡಲೇ ಅದನ್ನು ಹೆಗಲಿನಿಂದ ತೆಗೆದು ಮೇಜಿನ ಮೇಲೆ ಹಾಸಿದಳು. ಅದರ ಮೇಲೆ ಊರಿನ ಖಣ ಇಟ್ಟಳು. ನೇಕಾರರ ಊರು ತನ್ನ ಮಗಳಿಗೆ ಹೊದಿಸಿದ್ದು ಎಲ್ಲಿಯದೋ ಗಿರಣಿಯ ಶಾಲು. ಅದು ಖಣಕ್ಕಿಂತ ಅಗಲವಾಗಿತ್ತು. ಇಷ್ಟು ಅಗಲ ನಾವೂ ನೇಯಬೇಕು ಎಂದು ಅವಳು ಬೆರಳಿಟ್ಟು ತೋರಿಸಿದಳು.

ಸಭೆಗೆ ಕಂಡದ್ದು ಅಗಲವಲ್ಲ. ಹೊದಿಸಿದ ಶಾಲು ತೆಗೆದದ್ದು. ರಾಚಪ್ಪನ ಮುಖ ಕಪ್ಪಿಟ್ಟಿತು. ಉಪನ್ಯಾಸಕ ಮೈಕು ಕಿತ್ತುಕೊಂಡು ಪಾಶ್ಚಾತ್ಯ ಸಂಸ್ಕೃತಿಯ ಕೆಡುಕುಗಳನ್ನು ವಿವರಿಸಿದ. ಒಂದಿಷ್ಟೂ ಬದಲಾಗಿಲ್ಲ ಎಂದು ಹೊಗಳಿದವರೇ, ಹುಡುಗಿ ಪೂರ್ತಿ ಕೆಟ್ಟು ಬಂದಿದ್ದಾಳೆ ಎಂದು ಊಟ ಮಾಡುತ್ತ ಮಾತಾಡಿದರು. ಊಟದ ಸಿಹಿ ಮಾದಲಿ ಚೆನ್ನಾಗಿತ್ತು.

ಯುಗಾದಿ ದಾಟಿತು. ಮಿಲಾನಿನ ವ್ಯಾಪಾರಿ ಆ ವರ್ಷಕ್ಕೆ ಬೇರೆ ಬಟ್ಟೆ ಆರಿಸಿಕೊಂಡ. ಓಣಿಯ ಇನ್ನಷ್ಟು ಮಗ್ಗಗಳಿಗೆ ಈರುಳ್ಳಿ ಬಿತ್ತು.

ಶಾಕಾಂಬರಿ ಸೋದರಮಾವನ ಊರಿಗೆ ಹೋದಳು. ಅದೂ ನೇಕಾರರ ಊರೇ, ಆದರೆ ಚಿಕ್ಕದು. ಅಲ್ಲಿ ಸಂಘವಿರಲಿಲ್ಲ, ಮೈಕೂ ಇರಲಿಲ್ಲ. ಅವಳ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, “ಅಲ್ಲೇನ್ ಕಲತ್ ಬಂದೀಯವ್ವಾ?” ಎಂದು ಕೇಳಿದಳು.

ಅಷ್ಟೇ. ಶಾಕಾಂಬರಿ ಅತ್ತುಬಿಟ್ಟಳು. ಅತ್ತು ಮುಗಿಸಿ ಹೇಳತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅತ್ತೆ ಇನ್ನೊಂದು ಬಡಿಯಲಿಲ್ಲ, ಕೈ ಒರೆಸಿಕೊಂಡು ಬಡಿಗನನ್ನು ಕರೆತರಲು ಗಂಡನನ್ನು ಓಡಿಸಿದಳು. ಮರುವರ್ಷ ಮಿಲಾನಿಗೆ ಹೋದ ಅಗಲದ ಬಟ್ಟೆ ಆ ಊರಿನದು. ಅಲ್ಲಿ ನಿಂತ ಮಗ್ಗಗಳೂ ಎದ್ದವು.

ಸುದ್ದಿ ಮೊದಲ ಊರಿಗೆ ತಲುಪಿತು. ಅವರಿಗೂ ಬಹಳ ಸಂತೋಷವಾಯಿತು. ರಾಚಪ್ಪ ತುರ್ತು ಸಭೆ ಕರೆದ. ಆ ಊರಿನ ನೇಕಾರರನ್ನೆಲ್ಲ ಕರೆಸಿ ಸನ್ಮಾನ ಮಾಡಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ಅವರು ಬಂದರು. ಹಾರ ಬಿತ್ತು. ಉಪನ್ಯಾಸಕ ಮಾತಾಡಿದ. ಕೊನೆಗೆ ಅವರಿಗೂ ಮೈಕು ಕೊಟ್ಟರು, ಊಟ ಆರುತ್ತದೆ ಎಂದು ಕಿವಿಯಲ್ಲಿ ಹೇಳಿ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಅಂಥ ದಡ್ಡ ಊರೂ ಇರುತ್ತದೆಯೇ ಎಂದ. ನಮ್ಮ ಊರಿನಿಂದಲೂ ಒಬ್ಬ ಮೊನ್ನೆ ಜರ್ಮನಿಯಿಂದ ಓದಿ ಬಂದಿದ್ದಾನೆ, ಅವನ ಮೆರವಣಿಗೆಯಲ್ಲಿ ನಾನೇ ಮುಂದೆ ಕುಣಿದೆ ಎಂದೂ ಹೇಳಿದ.

ಅವನು ಕಲಿತು ಬಂದದ್ದೇನು ಎಂದು ಗುರು ಕೇಳಿದರು.

ಅದನ್ನು ಕೇಳಲಿಲ್ಲ, ಹಾರ ಮಾತ್ರ ಬಹಳ ದಪ್ಪವಿತ್ತು ಎಂದ ಶಿಷ್ಯ.

“ಎದ್ದೇಳು, ಈಗಲೇ ಹಾರವಿಲ್ಲದೆ ಬರಿಗೈಯಲ್ಲಿ ಅವನ ಮನೆಗೆ ಹೋಗಿ, ಎದುರು ಕೂತು ಕೇಳು.”