ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟುವುದೇಕೆ

ಪೊರಕೆ ಕೆಳಗಿಡು ನೀಲೂ! ಆ ಹಲ್ಲಿ ನಿನಗೇನು ಮಾಡ್ತು? ಬಾ, ಈ ಅಜ್ಜಿ ಪಕ್ಕ ಕೂತ್ಕೋ. ಅದರ ಕಥೆ ಕೇಳಿದರೆ ನೀನು ಇನ್ನೊಂದು ಸಲ ಪೊರಕೆ ಎತ್ತಲ್ಲ.

ಆಗ ಲೋಕ ಇನ್ನೂ ಹೊಸದು. ಮನುಷ್ಯರು, ಹಕ್ಕಿಗಳು, ಹುಳಹುಪ್ಪಟೆ, ಎಲ್ಲರದೂ ಒಂದೇ ಮಾತು. ಆ ಕಾಲದಲ್ಲಿ ಒಂದು ಹದ್ದು ದೊರೆಯಾಯಿತು. "ಸೂರ್ಯ ಹುಟ್ಟುವುದು ನನ್ನ ಅಪ್ಪಣೆಯಿಂದ. ಎದ್ದ ಕೂಡಲೇ ಎಲ್ಲರೂ ಹಾಗೇ ಹೇಳಬೇಕು" ಅಂತ ಡಂಗುರ ಸಾರಿಸಿತು. ಗೂಡಿನ ಬಾಗಿಲು ಯಾವ ಕಡೆಗಿರಬೇಕು, ಕೂಸಿಗೆ ಯಾವ ಜೋಗುಳ ಹಾಡಬೇಕು, ಎಲ್ಲಕ್ಕೂ ಅದರದೇ ಅಪ್ಪಣೆ. ಬೇರೆ ಮಾತಾಡಿದವರ ನಾಲಿಗೆ ಕೀಳುತ್ತಿತ್ತು, ಪಾಪಿ!

ಹಲ್ಲಿಗೆ ಒಂದು ಗುಣವಿತ್ತು. ನಿಜ ಕಿವಿಗೆ ಬಿದ್ದರೆ ಅದರ ನಾಲಿಗೆ ತಾನಾಗಿ ಲೊಚ್ ಲೊಚ್ ಅನ್ನುತ್ತಿತ್ತು. ಹದ್ದಿಗೆ ಅಷ್ಟೇ ಸಾಕಾಯಿತು. ಗೋಡೆಗೊಂದು ಹಲ್ಲಿ ಕೂರಿಸಿತು. ಹಲ್ಲಿ ಲೊಚಗುಟ್ಟಿದ ಮನೆಗೆ ಹದ್ದು ಬಂದಿಳಿಯುತ್ತಿತ್ತು. ಆಮೇಲೆ ಗಂಡ ಹೆಂಡತಿ ಕೂಡ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಗಾಳಿಯೂ ಬಾಯಿ ಮುಚ್ಚಿಕೊಂಡು ಓಡಾಡಿತು.

ಒಂದು ಬೆಳಿಗ್ಗೆ ಒಂದು ಮನೆಯ ಸೂರಿನಲ್ಲಿದ್ದ ಗುಬ್ಬಚ್ಚಿಯ ಮರಿ ಮೊದಲ ಸಲ ಕಣ್ಣು ಬಿಟ್ಟಿತು.

"ಅಮ್ಮಾ, ಸೂರ್ಯ ತಾನಾಗೇ ಬರ್ತಿದ್ದಾನೆ!"

"ಲೊಚ್ ಲೊಚ್!" ಹಲ್ಲಿ ನಾಲಿಗೆ ಕಚ್ಚಿಕೊಂಡಿತು. ಆಗಲೇ ತಡವಾಗಿತ್ತು.

"ಅಯ್ಯೋ ಅಕ್ಕಾ, ಎಂಥ ಕೆಲಸ ಮಾಡಿಬಿಟ್ಟೆ! ಇನ್ನೂ ಕೂಸು ಕಣೇ ಅದು!" ಗುಬ್ಬಚ್ಚಿ ಅತ್ತಿತು. ಹಲ್ಲಿಯ ಕರುಳು ಚುರುಕ್ ಅಂದಿತು.

ಹದ್ದು ಬಂದೇ ಬಂತು. "ಯಾರು ಮಾತಾಡಿದ್ದು?"

ಗುಬ್ಬಚ್ಚಿ ಮರಿಯನ್ನು ರೆಕ್ಕೆಯಡಿ ಅವುಚಿಕೊಂಡಿತು.

"ನಾನೇ ದೊರೆ," ಅಂದಿತು ಹಲ್ಲಿ. "ಸೂರ್ಯ ತಾನಾಗೇ ಬರ್ತಾನೆ. ಲೊಚ್ ಲೊಚ್."

ಹದ್ದು ಗಬಕ್ಕನೆ ಅದರ ಬಾಲ ಹಿಡಿಯಿತು. ಹಲ್ಲಿ ಬಾಲವನ್ನೇ ಬಿಟ್ಟು ಗೋಡೆಯ ಸಂದಿಗೆ ನುಗ್ಗಿತು. ಬಾಲ ಹದ್ದಿನ ಉಗುರಲ್ಲಿ ವಿಲವಿಲ ಒದ್ದಾಡಿತು. ಸಂದಿಯೊಳಗಿಂದ ಮತ್ತೆ ಅದೇ ದನಿ, "ಲೊಚ್ ಲೊಚ್."

ಆ ಮನೆಯ ಮುದುಕಿಗೆ ಹೌದು ಅನ್ನಬೇಕು ಅನ್ನಿಸಿತು. ಅನ್ನಲು ಭಯ. ಬೆರಳಿನಿಂದ ಮೆಲ್ಲಗೆ ನೆಲ ತಟ್ಟಿದಳು. ಪಕ್ಕದ ಮನೆಯವರೂ ತಟ್ಟಿದರು. ಅದರಾಚೆಯವರೂ ತಟ್ಟಿದರು. ಊರಿಡೀ ಟಕ್ ಟಕ್ ಟಕ್. ಯಾರ ನಾಲಿಗೆ ಅಂತ ಕೀಳುತ್ತದೆ? ಯಾರೂ ಬಾಯೇ ತೆರೆದಿಲ್ಲವಲ್ಲ! ಹದ್ದಿಗೆ ಮೊದಲ ಸಲ ಹೆದರಿಕೆಯಾಯಿತು. ಎತ್ತರಕ್ಕೆ ಹಾರಿಹೋಯಿತು.

ಅದಕ್ಕೇ ಮಗಳೇ, ಇವತ್ತಿಗೂ ಹಲ್ಲಿ ಲೊಚಗುಟ್ಟಿದರೆ ನಾವು ನೆಲ ತಟ್ಟಿ "ನಿಜ" ಅನ್ನುತ್ತೇವೆ. ಮರೆಯದೆ ನೀನೂ ತಟ್ಟು, ಹದ್ದು ಇನ್ನೂ ಮೇಲೆ ಸುತ್ತುತ್ತಲೇ ಇದೆ ನೋಡು.