ಭರಮಣ್ಣ ಮೆತ್ತಿದ ಬಾಗಿಲು

ಹಣ್ಣಿನ ಮರಗಳಿಗೆ ಕೊರತೆಯಿಲ್ಲದ ಒಂದು ಕಾಡಿನಲ್ಲಿ ಭರಮಣ್ಣ ಎಂಬ ಮುದಿ ಮಂಗಟ್ಟೆ ಹಕ್ಕಿ ಇತ್ತು. ಮಂಗಟ್ಟೆಗಳ ಸಂಸಾರದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಂಡತಿ ಮರದ ಪೊಟರೆಯೊಳಗೆ ಕೂರುತ್ತಾಳೆ. ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತುತ್ತಾರೆ. ಮರಿ ಬಲಿಯುವ ತನಕ ಗಂಡ ಹೊರಗಿನಿಂದ ಹಣ್ಣು ಉಣಿಸುತ್ತಾನೆ. ಭರಮಣ್ಣ ಹೀಗೆ ಇಪ್ಪತ್ತು ವರ್ಷ ಹೆಂಡತಿ ನೀಲವ್ವನಿಗೆ ಉಣಿಸಿದ್ದ. ಹೋದ ಚಳಿಗಾಲದಲ್ಲಿ ನೀಲವ್ವ ತೀರಿಕೊಂಡಳು.

ಅಂದಿನಿಂದ ಭರಮಣ್ಣನಿಗೆ ಹಗಲು ಉದ್ದವಾಯಿತು. ಕಾಡಿನ ಮುದುಕ ಮುದುಕಿಯರು ದಿನಾ ಬೆಳಿಗ್ಗೆ ಅತ್ತಿಮರದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಹರಟೆ ಹೊಡೆಯುತ್ತಿದ್ದರು. ಅವನೂ ಹೋಗುತ್ತಿದ್ದ. ಆದರೆ ಮಾತೆಲ್ಲ ನೀಲವ್ವನದೇ. ಅವಳು ಹೇಗೆ ಹಣ್ಣು ಆರಿಸುತ್ತಿದ್ದಳು, ಹೇಗೆ ಸಿಡುಕುತ್ತಿದ್ದಳು, ಸಿಡುಕಿದಾಗ ಎಷ್ಟು ಚೆಂದ ಕಾಣುತ್ತಿದ್ದಳು! ಒಂದು ದಿನ ಮರಕುಟಿಗ ಹಕ್ಕಿ ಕುಟ್ಟವ್ವ, "ಅಣ್ಣಾ, ಈ ಕಥೆ ನಿನ್ನೆನೂ ಹೇಳಿದ್ದೆ. ನಮಗೂ ಒಂದೆರಡು ಮಾತಾಡೋಕೆ ಬಿಡು" ಎಂದಳು. ಅಷ್ಟಕ್ಕೇ ಭರಮಣ್ಣನ ಮುಖ ಊದಿಕೊಂಡಿತು. ಅಷ್ಟು ದೊಡ್ಡ ಕೊಕ್ಕಿನ ಹಿಂದೆ ಅದು ಯಾರಿಗೂ ಕಾಣಲಿಲ್ಲ, ಆ ಮಾತು ಬೇರೆ. ಅವನು ಸರ್ರನೆ ಮನೆಗೆ ಹಾರಿದ.

ಇದನ್ನೆಲ್ಲ ಪುನುಗುಬೆಕ್ಕೊಂದು ನೋಡುತ್ತಿತ್ತು. ಹಗಲಿಡೀ ನಿದ್ದೆ ಮಾಡಲು ಅದಕ್ಕೊಂದು ಪೊಟರೆ ಬೇಕಿತ್ತು. ಮಲಗಿದಲ್ಲಿಗೇ ಹಣ್ಣು ಬಂದರೆ ಇನ್ನೂ ಒಳ್ಳೆಯದು!

"ಅಜ್ಜಾ, ಅವರೆಲ್ಲ ಬೆನ್ನ ಹಿಂದೆ ನಿನ್ನನ್ನು ಆಡಿಕೊಂಡು ನಗ್ತಾರೆ. ಅಲ್ಲಿಗೆ ಯಾಕೆ ಹೋಗ್ತೀಯ? ನಾನು ನಿನ್ನ ಪೊಟರೆಯಲ್ಲೇ ಇರ್ತೀನಿ. ಅಜ್ಜಿ ಕಥೆ ಎಷ್ಟು ಹೇಳಿದರೂ ಕೇಳ್ತೀನಿ" ಎಂದಿತು.

ಭರಮಣ್ಣನ ಕಣ್ಣು ತುಂಬಿ ಬಂತು. ಖಾಲಿ ಪೊಟರೆಯಲ್ಲಿ ಮತ್ತೆ ಒಬ್ಬರು! ಅವನು ಅತ್ತಿಮರದ ಕಡೆ ಹೋಗುವುದನ್ನೇ ಬಿಟ್ಟ. ಒಳ್ಳೆಯ ಹಣ್ಣೆಲ್ಲ ಬೆಕ್ಕಿಗೆ ಕೊಟ್ಟು, ಉಳಿದದ್ದನ್ನು ತಾನು ತಿಂದ. ಬೆಕ್ಕು ನಿದ್ದೆಯ ನಡುನಡುವೆ "ಹೂಂ, ಹೂಂ" ಎನ್ನುತ್ತಿತ್ತು. ಬೆಕ್ಕು ಗುಂಡಗಾಯಿತು. ಭರಮಣ್ಣ ಪಕ್ಕದ ಮರಕ್ಕೆ ಹಾರಲೂ ಏದುಸಿರು ಬಿಡತೊಡಗಿದ. ಹೀಗೇ ಆದರೆ ಅವನು ಮುಂದಿನ ಮಳೆಗಾಲ ನೋಡುವುದೇ ಅನುಮಾನವಾಗಿತ್ತು.

ಒಂದು ಬೆಳಿಗ್ಗೆ ಬೆಕ್ಕು ನಿದ್ದೆಗಣ್ಣಲ್ಲಿ, "ಗಾಳಿ ಜೋರಾಗಿದೆ ಅಜ್ಜಾ" ಎಂದು ಗೊಣಗಿ ಮಗ್ಗುಲು ಬದಲಿಸಿತು. ಭರಮಣ್ಣನಿಗೆ ಅಷ್ಟೇ ಸಾಕಾಯಿತು. ಹೊಳೆದಂಡೆಯಿಂದ ಕೊಕ್ಕು ತುಂಬ ಮಣ್ಣು ತಂದ. ಹಣ್ಣಿನ ತಿರುಳು ಬೆರೆಸಿ, ಒಂದು ಸೀಳು ಬಿಟ್ಟು, ಬಾಗಿಲಿಗೆಲ್ಲ ಪ್ರೀತಿಯಿಂದ ಮೆತ್ತಿದ. ಸಂಜೆ ಬೆಕ್ಕಿಗೆ ಎಚ್ಚರವಾದಾಗ ಮಣ್ಣು ಕಲ್ಲಾಗಿತ್ತು.

"ಬಾಗಿಲು ತೆಗಿ ಅಜ್ಜಾ!"

"ಮರಿ ಬಲಿಯೋ ತನಕ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ ಕಣಪ್ಪ."

"ನನಗೆಲ್ಲಿಯ ಮರಿ?"

"ಅವಸರ ಯಾಕೆ? ಕಥೆ ಕೇಳು."

ಮೂರು ದಿನ ಕಥೆ ನಡೆಯಿತು. ನೀಲವ್ವ ನಲವತ್ತು ಸಲ ಸಿಡುಕಿದಳು. ನಾಲ್ಕನೆಯ ದಿನ ಬೆಕ್ಕು ಕಿರುಚಿತು: "ಸಾಕಪ್ಪಾ ಸಾಕು! ನಿನ್ನ ಕಥೆ ಯಾರಿಗೆ ಬೇಕಿತ್ತು? ಹಣ್ಣಿಗೋಸ್ಕರ ಹೂಂ ಅಂದೆ. ಒಂದಕ್ಷರವೂ ಕೇಳಿಲ್ಲ!"

ಬೆಕ್ಕಿಗೆಂದು ತಂದಿದ್ದ ಹಣ್ಣನ್ನು ಭರಮಣ್ಣ ಕೆಳಗೆ ಬೀಳಿಸಿದ. ಅಷ್ಟರಲ್ಲಿ ಕೂಗು ಕೇಳಿ ಕುಟ್ಟವ್ವ ಹಾರಿ ಬಂದಳು.

"ನಾಲ್ಕು ಸಲ ನಿನ್ನ ಕರೆಯೋಕೆ ಬಂದೆ ಅಣ್ಣಾ. ನೀನು ಹಣ್ಣಿಗೆ ಹೋಗಿದ್ದೆ. ನಿನಗೆ ನಮ್ಮ ಮುಖ ನೋಡೋಕೂ ಇಷ್ಟವಿಲ್ಲ ಅಂತ ಇದೇ ಬೆಕ್ಕು ನನ್ನ ವಾಪಸ್ ಕಳಿಸಿತು" ಎಂದಳು.

ಆ ಮಣ್ಣು ಒಡೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೂ ಬೇಕೆಂದೇ ನಿಧಾನವಾಗಿ, ಬೆಕ್ಕಿನ ಕಿವಿಯ ಹತ್ತಿರವೇ, ಸಂಜೆಯ ತನಕ ಟಕಟಕ ಕುಟ್ಟಿದಳು. ಕೊನೆಗೆ ಬೆಕ್ಕು ಮೈತುಂಬ ಮಣ್ಣು ಮಾಡಿಕೊಂಡು ದೊಪ್ಪನೆ ಕೆಳಗೆ ಬಿತ್ತು. ತಿರುಗಿಯೂ ನೋಡದೆ ಓಡಿತು.

ಮರುದಿನ ಭರಮಣ್ಣ ಅತ್ತಿಮರಕ್ಕೆ ಹೋದ. ಅಭ್ಯಾಸಬಲ ನೋಡಿ, "ನಮ್ಮ ನೀಲವ್ವ..." ಎಂದು ಬಾಯಿ ತೆಗೆದ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಕುಟ್ಟವ್ವನ ಕಡೆ ತಿರುಗಿದ. ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ತಾನು ಒಮ್ಮೆಯೂ ಆ ವಿಷಯ ಎತ್ತಿರಲಿಲ್ಲ ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

"ತಂಗೀ, ನಿನ್ನ ಗಂಡ ಹೇಗಿದ್ದ?" ಎಂದು ಕೇಳಿದ.

ಕುಟ್ಟವ್ವ, "ಗೊರಕೆ ಹೊಡೀತಿದ್ದ ಅಣ್ಣಾ. ಈಗ ಅದಿಲ್ಲದೆ ನನಗೆ ನಿದ್ದೆಯೇ ಬರಲ್ಲ" ಎಂದಳು. ಬಿಸಿಲು ನೆತ್ತಿಗೇರುವ ತನಕ ಗಂಡನ ಮಾತೇ ಆಡಿದಳು. ಭರಮಣ್ಣ ಕೊಕ್ಕು ಮುಚ್ಚಿಕೊಂಡು ಕೇಳಿದ.

ನೀತಿ: ನಮ್ಮನ್ನು ನಾಲ್ಕು ಜನರಿಂದ ದೂರ ಮಾಡುವವರು ಜೊತೆಗಾರರಲ್ಲ; ನಮ್ಮ ದುಃಖ ಹೇಳಿಕೊಂಡು, ಇನ್ನೊಬ್ಬರ ದುಃಖವನ್ನೂ ಕೇಳಿದಾಗ ಒಂಟಿತನ ಕಡಿಮೆಯಾಗುತ್ತದೆ.